ಎರಡನೆಯ ಸಲದ ದೂಧಸಾಗರ

ಇವತ್ತು ಅದು ಮತ್ತೆ ಬರುತ್ತದೆ. ರೈಲು ಹೊರಟಾಗಿನಿಂದ ನೀಲಾಳ ತಲೆಯಲ್ಲಿ ಇದೊಂದೇ ಮಾತು ಗಾಲಿಯ ಸದ್ದಿಗೆ ಸೇರಿಕೊಂಡು ತಿರುಗುತ್ತಿತ್ತು. ಮೊನ್ನೆ ಗೋವಾದ ಕಡೆಗೆ ಬರುವಾಗ ದೂಧಸಾಗರ ಇಂಥದೇ ಒಂದು ಕಿಟಕಿಯ ಮುಂದೆ ಬಂದು ಹೋಗಿತ್ತು. ಅವಳು ಅದನ್ನು ನೋಡಿರಲಿಲ್ಲ. ನೋಡಿದೆ ಎಂದು ಗಂಡನಿಗೆ ಹೇಳಿದ್ದಳು. ಈಗ ಬ್ಯಾಡಗಿಗೆ ವಾಪಸು ಹೋಗುವ ದಾರಿಯಲ್ಲಿ ಅದೇ ಜಲಪಾತ ಅದೇ ಜಾಗದಲ್ಲಿ ನಿಂತಿರುತ್ತದೆ, ಅದಕ್ಕೇನು, ಅದು ಎಲ್ಲಿಗೂ ಹೋಗುವುದಿಲ್ಲ. ಆದರೆ ಅದು ಎದುರಿಗೆ ಬಂದಾಗ ತನ್ನ ಮುಖವನ್ನು ಹೇಗೆ ಇಟ್ಟುಕೊಳ್ಳಬೇಕು ಎಂಬುದು ಅವಳಿಗೆ ಹೊಳೆಯುತ್ತಿರಲಿಲ್ಲ. ಮೊದಲ ಸಲ ನೋಡುವವಳ ಹಾಗೆ ಬಾಯಿ ತೆರೆದರೆ ಅವನಿಗೆ ಅನುಮಾನ ಬರುತ್ತದೆ. ಆಗಲೇ ನೋಡಿದವಳ ಹಾಗೆ ಸುಮ್ಮನೆ ಕೂತರೆ ನಿಜವಾಗಿ ನೋಡುವ ಒಂದು ಸಲವೂ ವ್ಯರ್ಥವಾಗುತ್ತದೆ. ಎರಡನೆಯ ಸಲ ನೋಡುವವರ ಮುಖ ಹೇಗಿರುತ್ತದೆ? ಎದುರಿನ ಸೀಟಿನವರನ್ನು ಒಬ್ಬೊಬ್ಬರನ್ನೇ ಗಮನಿಸಿದಳು. ಎಲ್ಲರೂ ಮೊಬೈಲು ನೋಡುತ್ತಿದ್ದರು. ಅವಳು ಕಿಟಕಿಯ ಸರಳಿಗೆ ಹಣೆ ಒತ್ತಿಕೊಂಡಳು, ತಣ್ಣಗಿತ್ತು. ಹೊರಗೆ ತೆಂಗಿನ ಮರಗಳು, ನೀರು ನಿಂತ ಗದ್ದೆಗಳು, ಬಾವಿಕಟ್ಟೆಯ ಮೇಲೆ ಒಣಗಲು ಹಾಕಿ ಮಳೆಗೆ ಮರೆತ ಒಂದು ಕೆಂಪು ಲಂಗ. ಇವೆಲ್ಲ ಚೆಂದ ಇದ್ದವು. ಇವನ್ನು ನೋಡಿದೆಯಾ ಎಂದು ಯಾರೂ ಕೇಳುವವರಿರಲಿಲ್ಲ.

ಗಂಡ ಹುಲಿಗೇಶ ಪಕ್ಕದಲ್ಲಿ ಕಾಲು ಚಾಚಿ ಕೂತಿದ್ದ. ಈ ಗಾಡಿಯಲ್ಲಿ ಕೂತಿರುವುದೇ ಅವನಿಗೊಂದು ಸಂಭ್ರಮ. ಮದುವೆಗೆ ಮುಂಚೆ ಹಲವಾರು ವರ್ಷ ಇದೇ ದಾರಿಯ ರೈಲುಗಳಲ್ಲಿ ಚಹಾದ ಕ್ಯಾನು ಹಿಡಿದು ಓಡಾಡಿದವನು ಅವನು. ಈಗ ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ, ಹೊರಗೆ ಬೆಂಕಿಯಂಥ ಬಿಸಿಲಿದ್ದರೂ ಸ್ವೆಟರು ತೊಟ್ಟು, ಮೆಣಸಿನಕಾಯಿ ಚೀಲಗಳನ್ನು ಒಳಗಿಡಿಸುವ, ಹೊರಗೆ ತೆಗೆಸುವ ಕೆಲಸ. ಮದುವೆಯಾದ ಮೊದಲ ವಾರವೇ ಹೇಳಿದ್ದ: "ನಾ ಆ ಫಾಲ್ಸ್ ನೋಡಿದ್ದಕ್ಕಿಂತ ಅದನ್ನ ನೋಡೋ ಮಂದಿ ಮಾರಿ ನೋಡಿದ್ದs ಹೆಚ್ಚು, ನೀಲಾ. ಬಾಗಲಾ, ಕಿಡಕಿ ಎಲ್ಲಾ ಮಂದೀನೇ ಇರ್ತಿದ್ರು. ನನಗ ಅವರ ಬೆನ್ನು ಕಾಣ್ತಿತ್ತು, ಹೊಳ್ಳಿದಾಗ ಮಾರಿ ಕಾಣ್ತಿತ್ತು. ಎಂಥಾ ಸಿಡುಕು ಮನಷ್ಯಾನೂ ಅಲ್ಲಿ ಸಣ್ಣ ಹುಡುಗನಂಗ ಆಕ್ಕಾನ. ನಿನ್ನ ಮಾರಿ ಹೆಂಗಾಕ್ಕೈತಿ, ಅದನ್ನೊಂದು ನೋಡಬೇಕು ನಾ." ಅವಳು ಆಗ ತಲೆ ತಗ್ಗಿಸಿ ಹಿಟ್ಟು ನಾದುತ್ತಿದ್ದಳು. ತನ್ನ ಮುಖ ಏನೋ ಆಗುತ್ತದೆ ಎಂದು ಒಬ್ಬರು ಮಳೆಗಾಲದವರೆಗೆ ಮೂರು ತಿಂಗಳು ಕಾಯುತ್ತಾರೆಂಬುದೇ ಅವಳಿಗೆ ಹೆದರಿಕೆಯ ಮಾತಾಗಿತ್ತು. ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕೂತಿದ್ದಳಲ್ಲ, ಅಲ್ಲಿಯೂ ಹೀಗೇ, ಎದ್ದು ನಿಲ್ಲಿಸಿ ಕೇಳಿದರೆ ಗೊತ್ತಿದ್ದ ಉತ್ತರವೂ ಗಂಟಲಿನಲ್ಲಿ ಕುಕ್ಕರಗಾಲಲ್ಲಿ ಕೂತುಬಿಡುತ್ತಿತ್ತು. ಮುಖದ ಮೇಲೆ ಏನನ್ನಾದರೂ ತೋರಿಸುವುದು ಅವಳಿಗೆ ಬಾರದ ಕೆಲಸ. ಬರುತ್ತಿದ್ದದ್ದು ನೋಡುವುದು ಮಾತ್ರ. ನೋಡಬೇಕಾದ ಒಂದೇ ಕಡೆ ಅದೂ ಆಗಲಿಲ್ಲ.

ಆಗಲಿಲ್ಲ ಯಾಕೆಂದರೆ ಮಣಿಕಟ್ಟು. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರು ಯಾರೂ ಬೆರಳಿನಿಂದ ಕಣ್ಣು ಒರೆಸಿಕೊಳ್ಳುವುದಿಲ್ಲ. ಬೆವರು ಬರಲಿ, ಅಳು ಬರಲಿ, ಕೈಯನ್ನು ಒಳಕ್ಕೆ ಮಡಚಿ ಮಣಿಕಟ್ಟಿನ ಹಿಂಭಾಗದಿಂದ ಉಜ್ಜಿಕೊಳ್ಳುತ್ತಾರೆ. ಶಾಲೆ ಬಿಟ್ಟ ವರ್ಷ ರಾಣೇಬೆನ್ನೂರಿನಿಂದ ಬೆಳಗಿನ ಪ್ಯಾಸೆಂಜರಿನಲ್ಲಿ ಅವ್ವನ ಜೊತೆ ಅವಳು ಮೊದಲ ಸಲ ಆ ಶೆಡ್ಡಿಗೆ ಬಂದಾಗ ಅಲ್ಲಿಯ ಹಿರಿಯಳು ಸಿದ್ದವ್ವ ಕಲಿಸಿದ ಮೊದಲ ಪಾಠವೇ ಅದು. "ಕೈ ನಿಂದಲ್ಲ ಅಂತ ತಿಳಕೋ. ಕೈ ಕಾಯೀದು." ಮದುವೆಯಾಗಿ ಬ್ಯಾಡಗಿಗೇ ಬಂದಮೇಲೆ ಶೆಡ್ಡು ಮನೆಗೆ ಹತ್ತಿರವಾಯಿತು, ಅಷ್ಟೆ. ಬ್ಯಾಡಗಿ ಕಾಯಿ ಸುಕ್ಕುಸುಕ್ಕು, ಬಣ್ಣ ಹೆಚ್ಚು, ಖಾರ ಅಷ್ಟಕ್ಕಷ್ಟೇ. ದಿನವಿಡೀ ಬಿಡಿಸಿದರೂ ಬೆರಳು ಕೆಂಪಾಗುತ್ತವೆ, ಸುಡುವುದಿಲ್ಲ. ಆದರೆ ಗೋವಾಕ್ಕೆ ಹೊರಡುವ ಹಿಂದಿನ ದಿನ ಸಾಹುಕಾರರು ಗುಂಟೂರು ಕಾಯಿಯ ಚೀಲಗಳನ್ನು ಸುರುವಿಸಿಬಿಟ್ಟರು. ಸಂಜೆಗೆ ಎಲ್ಲರ ಬೆರಳೂ ಉರಿಯುತ್ತಿದ್ದವು. ಸಿದ್ದವ್ವ ಕೊಬ್ಬರಿ ಎಣ್ಣೆ ಸುರಿದು, "ತಿಕ್ಕ್ಯಾ, ಚಲೋತಂಗ ತಿಕ್ಕ್ಯಾ. ನಾಳೆ ಗಂಡನ ಗಲ್ಲ ಮುಟ್ಟಿದ್ರ ಗಾಡಿ ನಿಲ್ಲಿಸಿ ಇಳಕೊಂಡು ಓಡ್ತಾನ," ಎಂದಾಗ ಸುತ್ತಲಿನವರೆಲ್ಲ ನಕ್ಕು ಕೆಮ್ಮಿದರು, ಕೆಮ್ಮಿ ನಕ್ಕರು. ನೀಲಾ ಎಣ್ಣೆ ತಿಕ್ಕಿಕೊಂಡಳು, ಮನೆಗೆ ಬಂದು ಮಜ್ಜಿಗೆಯಲ್ಲಿ ಅದ್ದಿದಳು, ಸಾಬೂನು ಹಚ್ಚಿದಳು. ಬೆಳಿಗ್ಗೆ ಉರಿ ಇರಲಿಲ್ಲ. ಉರಿ ಇಲ್ಲವೆಂದರೆ ಖಾರವೂ ಇಲ್ಲ ಎಂದುಕೊಂಡದ್ದು ತಪ್ಪಾಯಿತೇ? ಉಗುರಿನ ಸಂದಿಯನ್ನು ಯಾರು ನೋಡುತ್ತಾರೆ?

ಹೊರಟ ದಿನ ಎಷ್ಟು ಚೆಂದವಿತ್ತು. ಅವಳಿಗೆ ಗೊತ್ತಿದ್ದ ರೈಲೆಂದರೆ ರಾಣೇಬೆನ್ನೂರು, ದೇವರಗುಡ್ಡ, ಬ್ಯಾಡಗಿ. ಬಾಗಿಲ ಬಳಿ ಬುತ್ತಿ ಹಿಡಿದು ನಿಂತು, ಯಾರದೋ ಮೊಣಕೈ ಕುತ್ತಿಗೆಗೆ ತಾಗುತ್ತಿರುವಾಗಲೇ ಇಳಿಯುವ ಊರು ಬಂದುಬಿಡುವ ರೈಲು. ಹಾವೇರಿಗೆ ಹೋದದ್ದೂ ಬೆರಳೆಣಿಕೆಯಷ್ಟು ಸಲ. ಮೊನ್ನೆ ಹಾವೇರಿ ದಾಟಿದ ಮೇಲೆ ಇನ್ನು ಇಳಿಯುವುದಿಲ್ಲ, ಇನ್ನೂ ಇಳಿಯುವುದಿಲ್ಲ ಎಂಬುದೇ ಒಂದು ಸುಖವಾಗಿ ಬೆನ್ನಿನಲ್ಲಿ ಹರಡಿಕೊಂಡಿತು. ಗೋವಿನಜೋಳದ ಹೊಲಗಳು, ಕರಿನೆಲದ ಮೇಲೆ ನಿಂತ ಮಳೆನೀರು, ಗೇಟಿನಲ್ಲಿ ಬೈಕು ಆಫ್ ಮಾಡಿ ನಿಂತ ಮಂದಿ. ತಾನು ದಿನವೂ ಆ ಕಡೆ ನಿಂತು ರೈಲಿನ ಕಿಟಕಿಗಳನ್ನು ನೋಡುತ್ತಿದ್ದವಳು, ಈಗ ಕಿಟಕಿಯೊಳಗಿದ್ದು ನಿಂತವರನ್ನು ನೋಡುತ್ತಿದ್ದಾಳೆ. ಹುಬ್ಬಳ್ಳಿಯಲ್ಲಿ ಗಾಡಿ ಬದಲಿಸಿದರು. ಆಮೇಲೆ ಕಾಡು. ಒಂದು ದೊಡ್ಡ ತಿರುವಿನಲ್ಲಿ ತಾವು ಕೂತ ರೈಲಿನದೇ ಎಂಜಿನ್ನು ಮುಂದೆ ಬಾಗಿ ಹೋಗುತ್ತಿರುವುದು ಕಂಡಾಗ ಅವಳಿಗೆ ಕೂಗಬೇಕೆನಿಸಿತ್ತು. ತನ್ನ ಬೆನ್ನನ್ನು ತಾನೇ ಕಂಡ ಹಾಗೆ. ಆಗ ತನ್ನ ಮುಖದಲ್ಲಿ ಏನಾದರೂ ಆಗಿರಬಹುದು, ಆದರೆ ಹುಲಿಗೇಶ ಅದೇ ಹೊತ್ತಿಗೆ ಚಹಾ ಮಾರುವವನ ಹತ್ತಿರ ಹಾಲು ಎಲ್ಲಿಯದೆಂದು ವಿಚಾರಿಸುತ್ತಿದ್ದ. ಸುರಂಗ ಬಂತು, ಹೋಯಿತು. ಇನ್ನೊಂದು ಬಂತು. ಎದುರಿಗೆ ಕೂತಿದ್ದ ಕಾಲೇಜು ಹುಡುಗಿ ಕಣ್ಣಿಗೆ ತೆಳ್ಳಗೆ ಕಾಡಿಗೆ ಎಳೆದಿದ್ದಳು. ಗಾಳಿಗೆ ಕಣ್ಣಿಗೆ ಏನೋ ಬಿದ್ದಾಗ ತೋರುಬೆರಳ ತುದಿಯಿಂದ, ಹೂವಿನ ಮೇಲಿನ ಇರುವೆ ತೆಗೆಯುವ ಹಾಗೆ, ಅದನ್ನು ತೆಗೆದಳು. ಮುಂದಿನ ಸುರಂಗ ದಾಟುವಾಗ ನೀಲಾಳ ಕಣ್ಣಿಗೂ ಕಸ ಬಿತ್ತು. ಮಣಿಕಟ್ಟು ತಾನೇ ಮೇಲೆದ್ದಿತು. ಹುಡುಗಿ ನೋಡಿದಳು. ಬರಿದೇ ನೋಡಿದಳೋ, ಕೂಲಿಯವರ ಕೈ ಎಂದು ನೋಡಿದಳೋ. ನೀಲಾಳಿಗೆ ನಾಚಿಕೆಯಾಯಿತು. ಮಣಿಕಟ್ಟನ್ನು ಇಳಿಸಿ, ತೋರುಬೆರಳ ತುದಿಯಿಂದ, ಹೂವಿನ ಮೇಲಿನ ಇರುವೆ ತೆಗೆಯುವ ಹಾಗೆ.

ಆಮೇಲೆ ಬರೀ ಉರಿ. ಒಂದು ಕಣ್ಣು ಹೊತ್ತಿಕೊಂಡಿತು, ಉಜ್ಜಿದ್ದರಿಂದ ಇನ್ನೊಂದೂ. ಅದೇ ಹೊತ್ತಿಗೆ ಡಬ್ಬಿಯ ತುಂಬ ಜನ ಹೋ ಎಂದು ಎದ್ದರು, ಮೊಣಕೈಗಳು, ಮೊಬೈಲುಗಳು, ಯಾರದೋ ಕಾಲು ಅವಳ ಕಾಲಿನ ಮೇಲೆ. "ನೀಲಾ, ಬಂತು, ನೋಡು, ನೋಡಾಕತ್ತೀದಿಲ್ಲೊ?" ಅವಳು ಕಣ್ಣು ತೆರೆದಳು. ಬಿಳಿ ಇತ್ತು. ಬೆಂಕಿಯೊಳಗಿನ ಬಿಳಿ. ಅದು ಹೊರಗಿದ್ದದ್ದೋ ಕಣ್ಣೊಳಗಿದ್ದದ್ದೋ ಇವತ್ತಿಗೂ ಅವಳಿಗೆ ಗೊತ್ತಿಲ್ಲ. ಕಿವಿಯಲ್ಲಿ ಸದ್ದು ಮಾತ್ರ ಇತ್ತು, ಆಮೇಲೆ ಅದೂ ಹೋಯಿತು. ಮತ್ತೆ ಕಣ್ಣು ತೆರೆಯುವ ಹೊತ್ತಿಗೆ ಎಲ್ಲರೂ ಕೂತಿದ್ದರು. ಹುಲಿಗೇಶ ಅವಳ ಮುಖದ ಹತ್ತಿರ ಬಗ್ಗಿದ್ದ. ಅವಳ ಗಲ್ಲದ ಮೇಲೆ ನೀರು ಹರಿಯುತ್ತಿತ್ತು. "ನೋಡಿದಿ?" ಎಂದ. ಖಾರ ಎಂದು ಹೇಳಲು ಅವಳು ಬಾಯಿ ತೆರೆದಳು. ಎದುರಿನ ಹುಡುಗಿ ಇತ್ತಲೇ ನೋಡುತ್ತಿದ್ದಳು. "ನೋಡಿದೆ" ಎಂದು ಬಂತು. ಸದಾ ಮಾತಾಡುವವನು, ನಿದ್ದೆಯಲ್ಲೂ ಚಾಯ್ ಚಾಯ್ ಎಂದು ಕನವರಿಸುವವನು, ಎಷ್ಟೋ ಹೊತ್ತು ಸುಮ್ಮನೆ ಅವಳ ಪಕ್ಕದಲ್ಲಿ ಕೂತ. ಅವನ ಕಣ್ಣೂ ಒದ್ದೆಯಾಗಿದ್ದವು. ಮದುವೆಯಾದ ಮೇಲೆ ಅಷ್ಟು ಒಳ್ಳೆಯ ಹೊತ್ತು ಅವರಿಬ್ಬರ ನಡುವೆ ಬಂದಿರಲಿಲ್ಲ. ಅದನ್ನು ಅವಳು ಮುರಿಯಬೇಕಿತ್ತೇ? ಯಾವಾಗ ಮುರಿಯಬೇಕಿತ್ತು? ಸಂಜೆ ಸಮುದ್ರದ ದಂಡೆಯಿಂದ ಅವನು ತನ್ನ ತಾಯಿಗೆ ಫೋನು ಹಚ್ಚಿ, "ಯವ್ವಾ, ನಿನ್ನ ಸೊಸಿ ಫಾಲ್ಸ್ ನೋಡಿ ಅತ್ತಬಿಟ್ಲು," ಎಂದು ಸಂಭ್ರಮದಿಂದ ಹೇಳಿ ಫೋನನ್ನು ಅವಳ ಕಿವಿಗೆ ಹಿಡಿದಾಗ? ಅತ್ತೆ ಮೈಲವ್ವ ಆ ಕಡೆಯಿಂದ ಕೂಗಿದರು: "ಅಳೂವಂಥಾದ್ದು ಏನಿತ್ತವಾ? ಯಾರರ ಬಿದ್ದಿದ್ರೇನು?" ನೀಲಾ, "ಹಾಲಿನಂಗಿತ್ರಿ ಅತ್ತಿ," ಎಂದಳು. ಡಬ್ಬಿಯಲ್ಲಿ ಯಾರೋ ಹಾಗೆ ಅಂದದ್ದು ಕಿವಿಗೆ ಬಿದ್ದಿತ್ತು. "ಎಷ್ಟು ಎತ್ತರವಾ?" "ಭಾಳ್ರಿ." ಸುಳ್ಳು ಹೇಳಿದ ಹಾಗೆಯೂ ಅನಿಸಲಿಲ್ಲ. ಬೇರೆಯವರ ಸೀರೆ ಉಟ್ಟುಕೊಂಡು ಮದುವೆಗೆ ಹೋದ ಹಾಗೆ ಅನಿಸಿತು. ಎಲ್ಲಿ ಕಲೆಯಾಗುತ್ತದೋ ಎಂದು ಕೂತಲ್ಲಿ ನಿಂತಲ್ಲಿ ಎಚ್ಚರ.

"ಏ ಹುಲಿಗ್ಯಾ! ಟಿಕೀಟ ತಗೊಂಡು ಕುಂತೀಯೇನಲೇ ಮಗನ?" ಈಗ ಈ ವಾಪಸು ಗಾಡಿಯಲ್ಲಿ ಚಹಾದ ಕ್ಯಾನು ಹಿಡಿದ ಗಡ್ಡದವನೊಬ್ಬ ಸೀಟುಗಳ ನಡುವಿನ ಹಾದಿಯಲ್ಲಿ ನಿಂತಿದ್ದ. ಹುಲಿಗೇಶ ಜಿಗಿದು ಎದ್ದ. ಮುಸ್ತಾಕ್, ಅವನ ಜೊತೆ ಚಹಾ ಮಾರಿದವನು, ಫೋನಿನಲ್ಲಿ ದಿನಕ್ಕೊಮ್ಮೆ ಬರುವ ಹೆಸರು. ಅವರಿಬ್ಬರೂ ಹೆಗಲು ಹೆಗಲು ಬಡಿದುಕೊಂಡರು. "ಕುಂತ ನೋಡು, ಸಾಹೇಬರಂಗ. ಕುಂತ ಮಂದಿ ಚಾ ಕೊಂಡು ಕುಡೀಬೇಕಪಾ, ನಮ್ಮ ಗಾಡ್ಯಾಗ ಪುಗಸಟ್ಟೆ ಇಲ್ಲ." "ನಿನ್ನ ಚಾ ಕುಡಿಯೂದಕ್ಕ ನೀನs ರೊಕ್ಕಾ ಕೊಡಬೇಕು ಮಂದಿಗೆ." ಮುಸ್ತಾಕ್ ನಕ್ಕು ಎರಡು ಕಪ್ಪು ತುಂಬಿ, ಒಂದನ್ನು ನೀಲಾಳ ಕಡೆ ಚಾಚಿದ. "ತಗೋರಿ ವೈನಿ. ಫಾಲ್ಸ್ ನೋಡಿ ಅತ್ರಂತ? ಇಂವಾ ಮೊನ್ನೇನs ಫೋನ್ ಮಾಡಿ ಹೇಳಿದ. ನಮ್ಮ ಹುಡುಗರಿಗೆಲ್ಲಾ ಗೊತ್ತೈತಿ." ಅವಳು ಕಪ್ಪು ತೆಗೆದುಕೊಂಡಳು. ಎಷ್ಟು ಜನರಿಗೆ? ತನ್ನ ಕಣ್ಣೀರು ತನಗಿಂತ ಮುಂದೆ ಮುಂದೆ ಸ್ಟೇಷನ್ನುಗಳನ್ನು ದಾಟಿ ಹೋಗಿದೆ. "ಅಲ್ಲೋ ಮುಸ್ತಾಕ್, ನಾವು ಇಷ್ಟು ವರ್ಷ ತಿರಗ್ಯಾಡೇವಿ, ಒಂದು ಹನಿ ಬಂದಿಲ್ಲ ನಮಗ," ಎಂದ ಹುಲಿಗೇಶ. "ಎಲ್ಲಿ ನೋಡೇವಿ ನಾವು? ಬರೋಬ್ಬರಿ ಅಲ್ಲೇ ಯಾರರ ಚಿಲ್ಲರ ಕೇಳ್ತಾರ," ಎಂದು ಮುಸ್ತಾಕ್ ಕ್ಯಾನೆತ್ತಿಕೊಂಡ. ಹೋಗುತ್ತ ತಿರುಗಿ, "ಇವತ್ತ ಅಳಬ್ಯಾಡ್ರಿ ವೈನಿ, ಮೊದಲs ಮಳಿ ಹೆಚ್ಚಾಗೇತಿ," ಎಂದ. ಸುತ್ತ ನಾಲ್ಕು ಜನ ಮೊಬೈಲಿನಿಂದ ತಲೆಯೆತ್ತಿ ಅವಳನ್ನು ನೋಡಿ ಮುಗುಳ್ನಕ್ಕರು. ನೀಲಾ ಚಹಾದೊಳಗೆ ನೋಡಿದಳು. ಈಗ ಹೇಳಿದರೆ ಇವನು ಇವರೆಲ್ಲರ ಎದುರಿಗೂ ಸಣ್ಣವನಾಗುತ್ತಾನೆ. ಹೇಳದಿದ್ದರೆ? ಹೇಳದಿದ್ದರೆ ಏನೂ ಆಗುವುದಿಲ್ಲ. ಏನೂ ಆಗುವುದಿಲ್ಲ ಎಂಬುದೇ ಯಾಕೋ ತಡೆಯಲಾಗದ ಹಾಗಿತ್ತು. ಸುಮ್ಮನೆ ನೋಡಿಬಿಡುತ್ತೇನೆ ಎಂದುಕೊಂಡಳು. ಹಣೆಯನ್ನು ಸರಳಿಗೆ ಒತ್ತಿ, ಮುಖವನ್ನು ಪೂರ್ತಿ ಹೊರಗೆ ತಿರುಗಿಸಿ ಕೂತುಬಿಟ್ಟರೆ ಅವನಿಗೆ ನನ್ನ ಜಡೆ ಬಿಟ್ಟು ಏನೂ ಕಾಣುವುದಿಲ್ಲ. ಯಾರಿಗೂ ಹೇಳದೆ, ಒಂದು ಸಲ, ನನ್ನ ಪಾಲಿನದನ್ನು.

ಕುಳೆಂ ಸ್ಟೇಷನ್ನಿನಲ್ಲಿ ಗಾಡಿ ಬಹಳ ಹೊತ್ತು ನಿಂತಿತು. ಘಟ್ಟ ಹತ್ತಿಸಲು ಹಿಂದೆ ಬೇರೆ ಎಂಜಿನ್ನು ಜೋಡಿಸುತ್ತಾರೆಂದು ಹುಲಿಗೇಶ ಎದುರಿನವರಿಗೆಲ್ಲ ವಿವರಿಸಿದ. ಗಕ್ಕನೆ ಒಂದು ಹೊಡೆತ ಹಿಂದಿನಿಂದ ಬಂದು ಎಲ್ಲರ ಕುತ್ತಿಗೆ ಆಡಿತು. "ಹತ್ತಿತು ನೋಡ್ರಿ," ಎಂದ, ತಾನೇ ಜೋಡಿಸಿದವನ ಹಾಗೆ. ಅಷ್ಟರಲ್ಲಿ ಒದ್ದೆ ಸೆರಗಿನ ಮುದುಕಿಯೊಬ್ಬಳು ಗಂಟು ಹೊತ್ತು ಹತ್ತಿ, ಹಾದಿಯಲ್ಲಿಯೇ ಗಂಟು ಇಳಿಸಿ ಅದರ ಮೇಲೆ ಕೂತಳು. ಕಚ್ಚೆಯ ಸೀರೆ, ಹಣೆಗೆ ಅಗಲ ವಿಭೂತಿ. ಮಾತು ಕೇಳಿದ ಕೂಡಲೇ ಹುಲಿಗೇಶನ ಕಿವಿ ನೆಟ್ಟಗಾಯಿತು. "ಯಾವೂರಾತು ಆಯಿ?" "ಅಗಡಿ. ಹಾವೇರಿ ಹಂತ್ಯಾಕ. ಬಸವಣ್ಣೆವ್ವ ಅಂತಾರ ನನಗ." "ನಾವು ಬ್ಯಾಡಗಿ!" "ಹಂಗಾರ ಮನ್ಯಾಗಿನವರs ಆದ್ರಿ ಬಿಡು ತಮ್ಮಾ," ಎಂದು ಮುದುಕಿ ಎಲೆಯಡಿಕೆಯ ಚೀಲ ಬಿಚ್ಚಿದಳು. ಮಗಳು ಇಲ್ಲಿ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಾಳೆ, ನಾಲ್ಕು ದಿನ ಇದ್ದು ಬಂದೆ ಎಂದಳು. ಅವಳು ನೀಲಾಳನ್ನು ಮೇಲಿನಿಂದ ಕೆಳಗೆ ನೋಡಿ, "ಹೊಸಾ ಮದಿವಿ ಅಲ್ಲ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಎಲೆಗೆ ಸುಣ್ಣ ಹಚ್ಚಿದಳು. "ಆಯಿ, ಇಷ್ಟು ಸರ್ತಿ ಬಂದು ಹೋಗ್ತಿ, ದೂಧಸಾಗರ ನೋಡಿಯೇನು?" ಎಂದ ಹುಲಿಗೇಶ. "ಯಾರ ನೋಡ್ಯಾರ? ಹಾದ್ಯಾಗ ಕುಂತವರಿಗೆ ಮಂದಿ ಅಂಡು ಕಾಣ್ತಾವ." ಡಬ್ಬಿ ನಕ್ಕಿತು. ಹುಲಿಗೇಶನೂ ನಕ್ಕ, ಆದರೆ ಅವನ ಮುಖದಲ್ಲಿ ಏನೋ ಹಾದುಹೋದದ್ದನ್ನು ನೀಲಾ ಕಂಡಳು. ಅದು ಅವನ ಹಳೆಯ ದಿನಗಳ ಮಾತಾಗಿತ್ತು. ಅವನು ಏನು ಹೇಳುತ್ತಾನೆಂದು ಅವನು ಹೇಳುವುದಕ್ಕೆ ಮುಂಚೆಯೇ ಅವಳಿಗೆ ಗೊತ್ತಾಯಿತು. "ಏಳು ನೀಲಾ, ಆಯಿಗೆ ಕಿಡಕಿ ಕೊಡು. ನಾವು ನೋಡೇವಲ್ಲ."

ಅವಳು ಎದ್ದಳು. ಎದ್ದದ್ದು ಕಾಲುಗಳು. ಒಲ್ಲೆ ಎನ್ನಲು ಏನು ಕಾರಣವಿತ್ತು? ಮುಪ್ಪಿನ ಮುದುಕಿ, ಹಾದಿಯಲ್ಲಿ ಗಂಟಿನ ಮೇಲೆ ಕೂತವಳು. ತಾನು ನೋಡಿದವಳು, ನೋಡಿ ಅತ್ತವಳು, ಊರಿಗೆಲ್ಲ ಗೊತ್ತಿರುವವಳು. ಬಸವಣ್ಣೆವ್ವ, "ಬ್ಯಾಡೋ ತಮ್ಮಾ, ನನಗ ಥಂಡಿ ಗಾಳಿ ಆಗಿಬರೂದಿಲ್ಲ," ಎನ್ನುತ್ತಲೇ ಕೂತು, ಕಾಲನ್ನು ಸೀಟಿನ ಮೇಲೆ ಮಡಚಿಕೊಂಡಳು. ನೀಲಾ ನಡುವೆ, ಆಮೇಲೆ ಹುಲಿಗೇಶ. ಗಾಡಿ ಹೊರಟಿತು. ಏದುಸಿರು ಬಿಡುತ್ತ ಹತ್ತುವ ಗಾಡಿಯಲ್ಲಿ ಎಲ್ಲವೂ ನಿಧಾನ. ಕಲ್ಲುಗೋಡೆಯ ಮೇಲಿನ ಒಂದೊಂದು ಎಲೆಯನ್ನೂ ಮುಟ್ಟಿ ಮಾತಾಡಿಸಬಹುದಾದಷ್ಟು ನಿಧಾನ. ಮುದುಕಿಯ ಕಿವಿ, ಕಿವಿಯ ಬುಗುಡಿ, ಬೆಳ್ಳಗಿನ ಕೂದಲು, ಅದರಾಚೆ ಹಸಿರಿನ ಒಂದು ಪಟ್ಟಿ. ಪಟ್ಟಿಯಲ್ಲಿ ಮಂಜು ಬಂತು. ಹಳ್ಳವೊಂದು ಕೆಳಗೆಲ್ಲೋ ಕಲ್ಲುಗಳ ಮೇಲೆ ಮುಗ್ಗರಿಸುತ್ತ ಇಳಿದು ಹೋಗುವುದು ಒಂದು ಕ್ಷಣ ಕಂಡು ಮರೆಯಾಯಿತು. ಸುರಂಗದ ಕತ್ತಲೆಯಲ್ಲಿ ಹುಡುಗರು ಕೇಕೆ ಹಾಕಿದರು, ಬೆಳಕಿಗೆ ಬಂದ ಕೂಡಲೇ ಏನೂ ಮಾಡದವರ ಹಾಗೆ ಕೂತರು. ಈ ಸುಖ ಅವಳಿಗೆ ಬೇಕಾಗಿತ್ತು, ಮುದುಕಿಯ ಕಿವಿಯ ಬದಿಯಿಂದಲಾದರೂ ಬೇಕಾಗಿತ್ತು, ಆದರೆ ಸುಖದೊಳಗೆ ಒಂದು ಸಣ್ಣ ಸಿಟ್ಟು ಹೊಕ್ಕು ಕೂತಿತ್ತು. ಯಾರ ಮೇಲೆ ಎಂದು ಹುಡುಕಿದಳು. ಮುದುಕಿಯ ಮೇಲಲ್ಲ. ಅವನ ಮೇಲೆ ಎನ್ನೋಣವೆಂದರೆ, ಅವನು ಕೊಟ್ಟದ್ದು ತಾನು ಹೇಳಿದ ಮಾತನ್ನು ನಂಬಿ. ಆ ಮಾತಿನ ಮೇಲೆ? ಮೊನ್ನೆ ಎದುರಿಗೆ ಕೂತಿದ್ದ ಹುಡುಗಿಯ ಬೆರಳಿನ ಮೇಲೆ? ಆ ಹುಡುಗಿ ಈಗ ಎಲ್ಲೋ ಗೋವಾದಲ್ಲಿ ಮತ್ತೊಂದು ಕಸ ತೆಗೆದುಕೊಳ್ಳುತ್ತಿರಬಹುದು. ಅವಳಿಗೆ ಇದೊಂದೂ ಗೊತ್ತಿಲ್ಲ.

"ಬಂತು!" ಯಾರೋ ಕೂಗಿದರು. ಡಬ್ಬಿ ಒಂದೇ ಬದಿಗೆ ವಾಲಿತು. ಹುಲಿಗೇಶ ಎದ್ದು, ಜನರ ನಡುವೆ ನುಗ್ಗಿ, ಕಿಟಕಿಯ ಮುಂದೆ ಮೇಲಿನ ಬರ್ತನ್ನು ಎರಡೂ ಕೈಯಿಂದ ಹಿಡಿದು ನಿಂತ. ಜಲಪಾತಕ್ಕೆ ಬೆನ್ನು ಮಾಡಿ, ಇವಳ ಕಡೆಗೆ ಮುಖ ಮಾಡಿ. ಆ ಕಡೆಯ ಬೆಳಕೆಲ್ಲ ಅವನ ಅಂಗಿಯ ಅಂಚಿನಲ್ಲಿ ಬಿಳಿಯಾಗಿ ನಿಂತಿತು. ಅವನು ಕಾಯುತ್ತಿದ್ದ. ಮೊನ್ನೆಯದನ್ನೇ ಇನ್ನೊಮ್ಮೆ, ತುಸುವೇ ಆದರೂ. ಸದ್ದು ಬಂತು, ಮೊನ್ನೆ ಕೇಳಿದ್ದ ಅದೇ ಸದ್ದು. ಅವಳ ಎದೆ ಅದನ್ನು ಗುರುತು ಹಿಡಿಯಿತು. ತುಂತುರು ಒಳಗೆ ಹೊಕ್ಕಿತು. "ಅಯ್ಯಯ್ಯ, ಥಂಡಿ!" ಎಂದು ಬಸವಣ್ಣೆವ್ವ ಕಿಟಕಿಯ ಗಾಜನ್ನು ಅರ್ಧ ಕೆಳಕ್ಕೆ ಎಳೆದಳು. ಗಾಜಿನ ಮೇಲೆ ಮಬ್ಬು. ಇನ್ನರ್ಧಕ್ಕೆ ಹುಲಿಗೇಶ. ಅವನ ಕಣ್ಣಿನಲ್ಲಿ ಎಂಥ ಆಸೆಯಿತ್ತೆಂದರೆ ನೀಲಾಳ ಬಲಗೈ ತಾನೇ ಮೇಲೆದ್ದಿತು. ಮಣಿಕಟ್ಟಲ್ಲ, ತೋರುಬೆರಳು. ಅದನ್ನು ಅವಳು ಕಣ್ಣಿನ ಅಂಚಿಗೆ ಒತ್ತಿ ಉಜ್ಜಿದಳು, ಬೇಕೆಂದೇ ಉಜ್ಜಿದಳು. ಏನೂ ಆಗಲಿಲ್ಲ. ಸಮುದ್ರದ ಉಪ್ಪುನೀರು, ಲಾಡ್ಜಿನ ಸಾಬೂನು, ಎರಡು ದಿನದ ಸುಮ್ಮನಿರುವಿಕೆ. ಕೈಯಲ್ಲಿ ಖಾರ ಉಳಿದಿರಲಿಲ್ಲ. ಬೆರಳು ಯಾರದೋ ಬೆರಳಿನ ಹಾಗೆ ಮೆತ್ತಗೆ ಕಣ್ಣ ಮೇಲೆ ಕೂತಿತ್ತು. ಏನು ಮಾಡುತ್ತಿದ್ದೇನೆ ನಾನು?

"ಸರೀರಿ," ಎಂದಳು.

ಗದ್ದಲದಲ್ಲಿ ಅವನಿಗೆ ಕೇಳಿಸಲಿಲ್ಲ. ಏನು ಎಂಬಂತೆ ಹುಬ್ಬೇರಿಸಿದ.

"ಸರೀರಿ ಅಂದೆ. ನನಗ ಕಾಣವಲ್ದು."

"ನೋಡಿದಿಯಲ್ಲ ಮೊನ್ನೆ," ಎಂದು ನಕ್ಕ.

"ನೋಡಿಲ್ಲ. ಮೊನ್ನೆ ಕಣ್ಣಾಗ ಖಾರ ಹೋಗಿತ್ತು. ಅದಕ್ಕs ನೀರು ಬಂದಿತ್ತು. ಈಗರ ಸರೀರಿ!"

ಅಷ್ಟು ಗಟ್ಟಿಯಾಗಿ ಅವಳು ಯಾರ ಎದುರಿಗೂ ಮಾತಾಡಿರಲಿಲ್ಲ. ಮೊಬೈಲು ಎತ್ತಿದ್ದ ಇಬ್ಬರು ತಿರುಗಿ ನೋಡಿದರು. ಅವನು ಸರಿದನೋ, ಗಾಡಿ ಅಲುಗಿ ಅವನನ್ನು ಸರಿಸಿತೋ. ಅವನ ಮೊಣಕೈಗೂ ಮುದುಕಿಯ ಬುಗುಡಿಗೂ ನಡುವೆ ಒಂದು ಸಂದು ತೆರೆಯಿತು. ಅಲ್ಲಿ ಬಿಳಿ ಇತ್ತು. ಹಾಲಿನದಲ್ಲ, ಅಕ್ಕಿ ತೊಳೆದು ಚೆಲ್ಲಿದ ನೀರಿನ ಬಿಳಿ, ಮೇಲಿನಿಂದ ಬರುತ್ತಿದೆಯೋ ಕೆಳಗಿನಿಂದ ಹೊಗೆಯಾಗಿ ಏಳುತ್ತಿದೆಯೋ ತಿಳಿಯದ ಬಿಳಿ. ಅದೇ ಏನು, ಬರೀ ಮಂಜೇ ಏನು ಎಂದು ಅವಳು ಕಣ್ಣು ಕಿರಿದು ಮಾಡುವಷ್ಟರಲ್ಲಿ ಕಲ್ಲುಗೋಡೆ ಬಂದು ಅಪ್ಪಳಿಸಿತು. ಸುರಂಗ.

ಕತ್ತಲೆಯಲ್ಲಿ ಹುಡುಗರ ಕೇಕೆ. ಅವನ ಮುಖ ಕಾಣದಿದ್ದದ್ದು ಒಳ್ಳೆಯದಾಯಿತು ಎನಿಸಿತು. ಮರುಕ್ಷಣ ಕಾಣಬೇಕಿತ್ತು ಎನಿಸಿತು. ಎಲೆಯಡಿಕೆಯ ವಾಸನೆಯ ಜೊತೆಗೆ ಬಸವಣ್ಣೆವ್ವನ ದನಿ ಬಂತು: "ಹೊಸಾ ಮದಿವ್ಯಾಗs ಹಿಂಗ? ಚಲೋ ನಡಸ್ತೀರಿ ಬಿಡ್ರಿ ಸಂಸಾರ." ಯಾರೂ ನಗಲಿಲ್ಲ. ಬೆಳಕು ಬಂದಾಗ ಹುಲಿಗೇಶ ಹಾಗೆಯೇ ಬರ್ತು ಹಿಡಿದು ನಿಂತಿದ್ದ. ಮುಖದಲ್ಲಿ ಏನಿದೆ ಎಂದು ಅವಳಿಗೆ ಓದಲಾಗಲಿಲ್ಲ. ಇಷ್ಟು ದಿನ ಎಲ್ಲರ ಮುಖವನ್ನೂ ಕದ್ದು ಓದುತ್ತ ಬಂದವಳು. ಸಿಟ್ಟಿರಬಹುದು. ಮಂದಿಯೆದುರು ಸೋತವನ ನಾಚಿಕೆ ಇರಬಹುದು. ಅವನು ಕೇಳಿದ್ದು ಮಾತ್ರ ಬೇರೆ. "ಗುಂಟೂರಿಂದೇನು?"

"ಹೂಂ."

"ಆ ಚೀಲಾ ನಾನs ಹೊರಗ ತಗಿಸಿದ್ದೆ," ಎಂದ. "ಸಾಹುಕಾರರು ನಾಳೆ ತಗಸಂದ್ರು. ಮತ್ತ ನಾ ಊರಾಗ ಇರೂದಿಲ್ಲ ಅಂತ ಹಿಂದಿನ ದಿನಾನ ತಗಿಸಿಬಿಟ್ಟೆ." ಆಮೇಲೆ ಸುಮ್ಮನಾದ. ಅವನು ತನ್ನ ಮೇಲೆ ಹಾಕಿಕೊಳ್ಳುತ್ತಿದ್ದಾನೋ, ಇಲ್ಲವೇ ಎಲ್ಲಿ ತಪ್ಪಿತೆಂದು ಸುಮ್ಮನೆ ಲೆಕ್ಕ ಹಿಡಿಯುತ್ತಿದ್ದಾನೋ. ಈ ಸುಮ್ಮನಿರುವಿಕೆ ಮೊನ್ನೆಯದರಂಥದಲ್ಲ. ಆದರೆ ಎಂಥದು? ಮುಸ್ತಾಕ್ ಖಾಲಿ ಕ್ಯಾನು ಆಡಿಸುತ್ತ ಹಾದುಹೋಗುತ್ತ, "ಕಂಡ್ತೇನ್ರಿ ವೈನಿ?" ಎಂದ. ನೀಲಾ ಬಾಯಿ ತೆರೆಯುವ ಮೊದಲೇ ಹುಲಿಗೇಶ, "ಹೋಗಲೇ ನೀ, ಚಾ ಆರತೈತಿ," ಎಂದು ಅವನನ್ನು ಮುಂದೆ ಸಾಗಹಾಕಿದ.

ರೈಲು ಇನ್ನೂ ಹತ್ತುತ್ತಿತ್ತು. ಬಂಡೆಯ ಮೇಲಿನಿಂದ ಹೆಸರಿಲ್ಲದ ನೀರಿನ ಎಳೆಯೊಂದು, ಹುಡುಗಿಯೊಬ್ಬಳ ಜಡೆಯಷ್ಟು ದಪ್ಪದ್ದು, ಹಳಿಯ ಪಕ್ಕದಲ್ಲೇ ಬಿದ್ದು ಕಲ್ಲಿನ ಸಂದಿಯಲ್ಲಿ ಹೋಯಿತು. ಅವನು ಬಗ್ಗಿ, ಕಿಟಕಿಯ ಕಡೆ ಕೈ ತೋರಿಸಿ ಕೇಳಿದ: "ಇದು ಕಂಡ್ತೇನು?"

"ಕಂಡ್ತು."

ಇನ್ನೊಂದು ಬಂತು, ಇನ್ನೂ ಸಣ್ಣದು. "ಇದು?"

"ಕಂಡ್ತು."

ಚುಚ್ಚುತ್ತಿದ್ದಾನೆಯೇ? ದನಿಯಲ್ಲಿ ನಗುವಿರಲಿಲ್ಲ, ಸಿಟ್ಟೂ ಇರಲಿಲ್ಲ. ಪ್ರತಿ ಸಲವೂ ಕೇಳುವ ಮೊದಲು ಅವನು ತಾನೂ ಅದನ್ನು ನೋಡುತ್ತಿದ್ದ. ಚಹಾದ ಕ್ಯಾನು ಕೆಳಗಿಟ್ಟು ಮೊದಲ ಸಲ ಹೊರಗೆ ನೋಡುವವನ ಹಾಗೆ. ಅಥವಾ ಅದೂ ಅವಳಿಗೆ ಬೇಕಾದ ಹಾಗೆ ಕಂಡದ್ದೋ. ಮೂರನೆಯದು ಬಂತು. ಬಸವಣ್ಣೆವ್ವ ಗಂಟು ಹುಡುಕಿ ಎದ್ದೇಬಿಟ್ಟಳು. "ಏ, ಬಾರಬೇ ಯವ್ವಾ, ತಗೋ ನಿನ್ನ ಕಿಡಕಿ. ಇಂವಾ ನನ್ನ ತಲಿ ಮ್ಯಾಲೆ ಬಗ್ಗಿ ಬಗ್ಗಿ ಕೇಳೂದು, ನೀ ಆ ಕಡೆಯಿಂದ ಹೇಳೂದು, ನನಗ್ಯಾಕ ಬೇಕಿದು. ಥಂಡಿಗೆ ಕಿವಿ ಬ್ಯಾರೆ ಕಿತ್ತು ಹೋಗಾಕತ್ತೈತಿ."

ನೀಲಾ ಸರಿದು ಕೂತಳು. ಅರ್ಧ ಇಳಿದಿದ್ದ ಗಾಜನ್ನು ಮೇಲಕ್ಕೆ ತಳ್ಳಿದಳು; ಅದು ಬಿಗಿಯಾಗಿತ್ತು, ಅವನು ಹಿಂದಿನಿಂದ ಕೈ ಚಾಚಿ ಎತ್ತಿದ. ಗಾಳಿ, ತುಂತುರು, ಒದ್ದೆ ಕಲ್ಲಿನ ವಾಸನೆ ಒಟ್ಟಿಗೆ ಮುಖಕ್ಕೆ ಬಂದವು. ಮುಂದೆ ಗಾಡಿ ಬಾಗುತ್ತಿತ್ತು. ಮಂಜಿನೊಳಗೆ ಎಂಜಿನ್ನು ಹೋಗುವುದು ಕಾಣಿಸಿತು, ಅದರ ಹಿಂದೆ ಒಂದೊಂದಾಗಿ ಡಬ್ಬಿಗಳು, ಪ್ರತಿ ಕಿಟಕಿಯಲ್ಲೂ ಹೊರಗೆ ಚಾಚಿದ ಕೈಗಳು. ಕಣ್ಣಿಗೆ ಏನೋ ಬಿತ್ತು. ಅವಳು ಕೈ ಒಳಕ್ಕೆ ಮಡಚಿ, ಎದುರಿಗೆ ಯಾರಿದ್ದಾರೆಂದು ನೋಡದೆ, ಮಣಿಕಟ್ಟಿನ ಹಿಂಭಾಗದಿಂದ ಗಟ್ಟಿಯಾಗಿ ಉಜ್ಜಿಕೊಂಡಳು.

"ಇದು ಕಂಡ್ತೇನು?" ಎಂದು ಹಿಂದಿನಿಂದ ಕೇಳಿದ.

"ತಡೀರಿ," ಎಂದಳು ತಿರುಗದೆ, "ನೋಡಾಕತ್ತೇನಿ."